ಕಾರು ಸುತ್ತಿಕೊಂಡು ಬರಲಿ, ಸೈಕಲ್ ನೆಟ್ಟಗೆ ಹೋಗಲಿ!

ಹಾಲೆಂಡ್ ಎಂದೊಡನೆ ನಮಗೆ ನೆನಪಾಗುವುದು ಗಾಳಿಯಂತ್ರ, ಚೀಸ್, ಟ್ಯೂಲಿಪ್ ಹೂವಿನ ತೋಟ. 1981ರ 'ಸಿಲ್‌ಸಿಲಾ' ಚಿತ್ರದಲ್ಲಿ ಅಮಿತಾಭ್, ರೇಖಾ ಹಾಡಿಕೊಂಡು ಓಡಾಡಿದ್ದು ಅಲ್ಲಿಯ ತೋಟದಲ್ಲೇ. ಮಗಳ ಬಾಣಂತನಕ್ಕೆಂದು ಉಟ್ರೆಕ್ಟ್ ನಗರಕ್ಕೆ ಹೋಗಿದ್ದ ನಾನೂ ಆ ತೋಟ ನೋಡಿದೆ. ಚೆಂದವೇನೋ ಚೆಂದವೇ. ಆದರೆ ನಮ್ಮ ಅಕ್ಕತಂಗಿಯರಿಗೆ ಹೇಳಲೇಬೇಕು ಅಂತ ನನಗೆ ಅನ್ನಿಸಿದ್ದು ಹೂವಿನ ಸುದ್ದಿಯಲ್ಲ, ಪಕ್ಕದ ಹೌಟನ್ ಎಂಬ ಊರಿನ ದಾರಿಗಳ ಸುದ್ದಿ.

ಉಟ್ರೆಕ್ಟ್‌ನಿಂದ ರೈಲು ಹತ್ತಿದರೆ ಹತ್ತು ನಿಮಿಷದಲ್ಲಿ ಹೌಟನ್ ಬರುತ್ತದೆ. ಜನಸಂಖ್ಯೆ ಸುಮಾರು 50 ಸಾವಿರ, ಅಂದರೆ ನಮ್ಮ ಒಂದು ತಾಲ್ಲೂಕು ಕೇಂದ್ರದಷ್ಟು ಎನ್ನಿ. ನಿಲ್ದಾಣದ ಕೆಳಗೇ ಸಾವಿರಾರು ಸೈಕಲ್ ನಿಲ್ಲಿಸುವ ಜಾಗವಿದೆ. ಹೊರಗೆ ಬಂದರೆ ಕೆಂಪು ಡಾಂಬರಿನ ದಾರಿ, ಎರಡೂ ಕಡೆ ಮರ, ಹುಲ್ಲು, ನೀರಿನ ಕಾಲುವೆ. ನನಗೆ ಮೊದಲು ಗಮನಕ್ಕೆ ಬಂದದ್ದು ಸದ್ದಿಲ್ಲದ ಬೀದಿ. ಹಾರನ್ ಇಲ್ಲ, ಹೊಗೆ ಇಲ್ಲ. ಬೆನ್ನಿಗೆ ಶಾಲೆಯ ಚೀಲ ಹಾಕಿಕೊಂಡ ಮಕ್ಕಳು ಗುಂಪುಗುಂಪಾಗಿ, ಹರಟೆ ಹೊಡೆಯುತ್ತಾ ಸೈಕಲ್ ತುಳಿಯುತ್ತಿದ್ದರು. ತಾಯಂದಿರು ಮುಂದುಗಡೆ ಮರದ ಪೆಟ್ಟಿಗೆಯಿರುವ ಸೈಕಲ್ಲಿನಲ್ಲಿ ಎರಡೆರಡು ಕೂಸು ಕೂರಿಸಿಕೊಂಡು ಹೊರಟಿದ್ದರು. ತಲೆ ನೆರೆತ ಅಜ್ಜಿಯೊಬ್ಬರು ತರಕಾರಿ ಚೀಲ ನೇತುಹಾಕಿಕೊಂಡು ಸಲೀಸಾಗಿ ಸಾಗಿದರು.

"ಈ ಊರಲ್ಲಿ ಕಾರೇ ಇಲ್ಲವೇನೇ?" ಅಂತ ಮಗಳನ್ನು ಕೇಳಿದೆ.

"ಇದೆಯಮ್ಮ, ಮನೆಮನೆಗೂ ಇದೆ. ಅದಕ್ಕೆ ಬೇರೆ ದಾರಿ, ಅಷ್ಟೇ" ಅಂದಳು.

ಊರಿನ ಗುಟ್ಟು

ಆ ಬೇರೆ ದಾರಿಯಲ್ಲೇ ಊರಿನ ಗುಟ್ಟೆಲ್ಲ ಇದೆ. 1960ರ ದಶಕದಲ್ಲಿ ಹೌಟನ್ ಕೆಲವೇ ಸಾವಿರ ಜನರ ಹಳ್ಳಿ. ಅದನ್ನು ಪಟ್ಟಣವಾಗಿ ಬೆಳೆಸಬೇಕೆಂದಾಗ ನಕ್ಷೆ ಹಾಕಿದವರು ರಾಬರ್ಟ್ ಡರ್ಕ್ಸ್ ಎಂಬ ವಾಸ್ತುಶಿಲ್ಪಿ. ಊರಿನ ಸುತ್ತ ಒಂದು ವರ್ತುಲ ರಸ್ತೆ, ಒಳಗೆ ಹಲವಾರು ಬಡಾವಣೆಗಳು. ಕಾರಿನವರು ಪಕ್ಕದ ಬಡಾವಣೆಗೆ ಹೋಗಬೇಕಾದರೂ ವರ್ತುಲ ರಸ್ತೆಗೆ ಹೊರಟು, ಸುತ್ತು ಹಾಕಿ, ಮತ್ತೆ ಒಳಗೆ ಬರಬೇಕು. ನಡೆಯುವವರಿಗೆ, ಸೈಕಲ್ಲಿನವರಿಗೆ ಮಾತ್ರ ಊರ ನಡುವೆ ನೇರ ದಾರಿ. ಶಾಲೆ, ಅಂಗಡಿ, ರೈಲು ನಿಲ್ದಾಣ ಎಲ್ಲವೂ ಆ ದಾರಿಗೆ ಹೊಂದಿಕೊಂಡೇ ಇವೆ. ವರ್ತುಲ ರಸ್ತೆ ಅಡ್ಡ ಬಂದ ಕಡೆ ಸೈಕಲ್ಲಿಗೆ ಕೆಳಸೇತುವೆ.

ಕಾರಿಗೆ ಬಹಿಷ್ಕಾರವೇನೂ ಇಲ್ಲ, ನೋಡಿ. ಆದರೆ ಹತ್ತಿರದ ಕೆಲಸಕ್ಕೆ ಸೈಕಲ್ಲೇ ಬೇಗ ತಲುಪುತ್ತದೆ. ಹಾಗಾಗಿ ಯಾರೂ ಉಪದೇಶ ಮಾಡದೆಯೇ ಜನ ಸೈಕಲ್ ಹತ್ತುತ್ತಾರೆ. ಕಾರೂ ಸೈಕಲ್ಲೂ ಕೂಡಿ ಹೋಗಬೇಕಾದ ಕೆಲವು ಬೀದಿಗಳಲ್ಲಿ ಫಲಕ ಹಾಕಿದ್ದಾರೆ. ಮಗಳು ಅದನ್ನು ಓದಿ ಅರ್ಥ ಹೇಳಿದಳು: 'ಇಲ್ಲಿ ಕಾರು ಅತಿಥಿ'. ಅತಿಥಿಯಾದವರು ಮನೆಯವರನ್ನು ತಳ್ಳಿಕೊಂಡು ನುಗ್ಗುವುದುಂಟೇ! ಆ ದೇಶದಲ್ಲಿ ಪ್ರತಿವರ್ಷ ಅಲ್ಲದಿದ್ದರೂ ಆಗಾಗ ಆರಿಸುವ 'ಸೈಕಲ್ ನಗರ' ಎಂಬ ಬಿರುದು ಈ ಊರಿಗೆ 2008ರಲ್ಲಿ ಒಮ್ಮೆ, 2018ರಲ್ಲಿ ಮತ್ತೊಮ್ಮೆ ಸಂದಿತು.

ತಾಯಂದಿರು ಬೀದಿಗಿಳಿದ ಕಥೆ

'ಅವರಿಗೇನು, ಹುಟ್ಟುತ್ತಲೇ ಸೈಕಲ್ ಮೇಲೆ ಹುಟ್ಟಿದವರು' ಅಂತ ನಾವು ಅಂದುಕೊಳ್ಳುತ್ತೇವೆ. ಹಾಗಲ್ಲವಂತೆ. ಎರಡನೆಯ ಮಹಾಯುದ್ಧದ ನಂತರ ಕೈಯಲ್ಲಿ ಕಾಸು ಓಡಾಡಿದಂತೆ ಅಲ್ಲೂ ಕಾರುಗಳು ತುಂಬಿಕೊಂಡವು, ಸೈಕಲ್ಲು ಮೂಲೆ ಸೇರಿತು. 1971ರ ಒಂದೇ ವರ್ಷ ರಸ್ತೆ ಅಪಘಾತಗಳಲ್ಲಿ ಸುಮಾರು 3,300 ಜನ ಸತ್ತರು. ಅವರಲ್ಲಿ 400ಕ್ಕೂ ಹೆಚ್ಚು ಮಕ್ಕಳು! ಓದುವಾಗ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ಮಗಳನ್ನು ಕಳೆದುಕೊಂಡ ಪತ್ರಕರ್ತರೊಬ್ಬರು 'ಮಕ್ಕಳ ಕೊಲೆ ನಿಲ್ಲಿಸಿ' ಎಂದು ಬರೆದ ಲೇಖನದ ಶೀರ್ಷಿಕೆಯೇ ಒಂದು ಚಳವಳಿಯ ಹೆಸರಾಯಿತು. ಅದರ ಮೊದಲ ಅಧ್ಯಕ್ಷೆ ಮಾರ್ತ್ಯ ವಾನ್ ಪುಟನ್, ಆಗಿನ್ನೂ ಎಳೆಯ ತಾಯಿ.

ಈ ಹೆಂಗಸರು ಮಾಡಿದ್ದೇನು ಗೊತ್ತೇ? ಬೀದಿಗಳನ್ನು ಮುಚ್ಚಿ ಮಕ್ಕಳನ್ನು ಆಡಲು ಬಿಟ್ಟರು. ನಡುರಸ್ತೆಯಲ್ಲೇ ಮೇಜು ಹಾಕಿ, ಬೀದಿಯವರೆಲ್ಲ ಸೇರಿ ಊಟ ಮಾಡಿದರು. ಪೊಲೀಸರೂ ಸಹಕರಿಸಿದರು. ಪ್ರಧಾನಿ ಯೋಪ್ ಡೆನ್ ಔಯ್ಲ್ ಅವರ ಮನೆಗೆ ಸೈಕಲ್ಲಿನಲ್ಲೇ ಹೋಗಿ, ಹಾಡು ಹೇಳಿ, ಮಕ್ಕಳಿಗೆ ಸುರಕ್ಷಿತ ಬೀದಿ ಕೇಳಿದರು. 1973ರಲ್ಲಿ ಪೆಟ್ರೋಲಿಗೆ ಬರ ಬಂದು, ಕೆಲವು ಭಾನುವಾರ ಕಾರು ತೆಗೆಯಬಾರದೆಂದು ಸರ್ಕಾರವೇ ಹೇಳಿತು. ಕಾರಿಲ್ಲದ ಬೀದಿ ಹೇಗಿರುತ್ತದೆಂದು ಜನ ಕಣ್ಣಾರೆ ಕಂಡರು. ಅಂದರೆ ಆ ಕೆಂಪು ದಾರಿಗಳು ಆಕಾಶದಿಂದ ಉದುರಿದ್ದಲ್ಲ, ಕೇಳಿ ಪಡೆದದ್ದು.

ನಮ್ಮ ಮನೆಯ ಮಾತು

ಇದನ್ನೆಲ್ಲ ಯಾಕೆ ಬರೆಯುತ್ತಿದ್ದೇನೆಂದರೆ, ನಮ್ಮ ಕರ್ನಾಟಕದಲ್ಲಿ 2006-07ರಲ್ಲಿ ಎಂಟನೇ ತರಗತಿಯ ಹೆಣ್ಣುಮಕ್ಕಳಿಗೆ ಉಚಿತ ಸೈಕಲ್ ಕೊಡುವ ಯೋಜನೆ ಶುರುವಾಯಿತು. ಮುಂದೆ ಗಂಡುಮಕ್ಕಳಿಗೂ ಸಿಕ್ಕಿತು. ಜಡೆ ಹಾಕಿಕೊಂಡ ಹುಡುಗಿಯರು ಸಾಲಾಗಿ ಸೈಕಲ್ ತುಳಿಯುವುದನ್ನು ನೋಡಿ ಸಂತೋಷಪಡದ ತಾಯಿ ಯಾರು? ಆದರೆ ಸೈಕಲ್ ಬಂತೇ ಹೊರತು ಅದಕ್ಕೆ ದಾರಿ ಬರಲಿಲ್ಲ. ಮರಳು ಲಾರಿ, ಬಸ್ಸು, ಟ್ರ್ಯಾಕ್ಟರುಗಳ ಸಂದಿಯಲ್ಲೇ ಮಗು ನುಸುಳಬೇಕು. ಹುಡುಗಿ ಮನೆಗೆ ಬರುವವರೆಗೆ ಅಮ್ಮನ ಕಣ್ಣು ಬಾಗಿಲಲ್ಲೇ. 'ಆ ರಸ್ತೇಲಿ ಹೋಗೋದು ಬೇಡ, ಓದಿದ್ದು ಸಾಕು' ಎಂಬ ಮಾತು ಎಷ್ಟು ಮನೆಗಳಲ್ಲಿ ಬಂದಿಲ್ಲ ಹೇಳಿ! ದಾರಿ ಕೆಟ್ಟರೆ ಹೆಣ್ಣುಮಗುವಿನ ವಿದ್ಯೆಯೇ ನಿಂತುಹೋಗುತ್ತದೆ.

ಹೌಟನ್ನಿನಂತೆ ಹೊಸ ಊರು ಕಟ್ಟಲು ನಮ್ಮಿಂದಾಗದು, ಸರಿ. ಆದರೆ ವಾಹನ ತಡೆಯುವುದು ನಮಗೆ ಹೊಸದೇನಲ್ಲ. ತೇರಿನ ದಿನ ರಥಬೀದಿಗೆ ಯಾರಾದರೂ ಲಾರಿ ಬಿಡುತ್ತಾರೆಯೇ? ಸಂತೆಯ ದಿನ? ದೇವರ ತೇರಿಗೆ ಬಿಟ್ಟುಕೊಡುವ ದಾರಿಯನ್ನು ಮಕ್ಕಳ ಸೈಕಲ್ಲಿಗೆ ದಿನಕ್ಕೆ ಎರಡು ಸಲ, ಅರ್ಧರ್ಧ ಗಂಟೆ ಬಿಟ್ಟುಕೊಡಲು ಏನು ಕಷ್ಟ?

ನಿಮ್ಮ ಮಹಿಳಾ ಸಂಘದಲ್ಲಿ ಹೀಗೆ ಮಾಡಿ ನೋಡಿ:

* ಮಕ್ಕಳು ಯಾವ ಯಾವ ಬೀದಿಯಲ್ಲಿ ಶಾಲೆಗೆ ಹೋಗುತ್ತಾರೆ ಎಂದು ಒಂದು ಹಾಳೆಯ ಮೇಲೆ ಗುರುತು ಹಾಕಿ. ಭಯವಾಗುವ ಜಾಗಕ್ಕೆ ಕೆಂಪು ಚುಕ್ಕೆ ಇಡಿ.
* ಹೆದ್ದಾರಿ ಬಿಟ್ಟು ಕೆರೆ ಏರಿ, ನಾಲೆ ಪಕ್ಕದ ದಾರಿ, ಒಳಓಣಿಗಳನ್ನು ಸೇರಿಸಿದರೆ ಶಾಲೆ ಮುಟ್ಟಬಹುದೇ ನೋಡಿ. ನೀರಿನ ಪಕ್ಕವಾದರೆ ತಡೆಗೋಡೆ, ದಾರಿದೀಪ ಎರಡೂ ಇರಲೇಬೇಕು.
* ಓಣಿಯ ಬಾಯಿಗೆ ಎರಡು ಕಲ್ಲುಕಂಬ ನೆಟ್ಟರೆ ಸೈಕಲ್ ದಾಟುತ್ತದೆ, ಕಾರು ದಾಟದು. ಆಂಬುಲೆನ್ಸ್, ಅಗ್ನಿಶಾಮಕ ಗಾಡಿಗೆ ಬೇರೆ ದಾರಿ ಇದೆಯೇ ಅಂತ ಮೊದಲು ಖಚಿತಪಡಿಸಿಕೊಳ್ಳಿ.
* ಶಾಲೆಯ ಗಂಟೆ ಹೊಡೆಯುವ ಹೊತ್ತಿಗೆ ಮುಂದಿನ ಬೀದಿಯಲ್ಲಿ ವಾಹನ ನಿಲ್ಲಿಸುವಂತೆ ಪುರಸಭೆಗೂ ಪೊಲೀಸ್ ಠಾಣೆಗೂ ಬರಹದಲ್ಲಿ ಅರ್ಜಿ ಕೊಡಿ, ಸ್ವೀಕೃತಿ ಪಡೆಯಿರಿ. ವಾರ್ಡಿನ ಸದಸ್ಯರನ್ನೂ ಜೊತೆಗೆ ಕರೆದೊಯ್ಯಿರಿ.

ಒಬ್ಬರು ಹೋದರೆ 'ಆಗಲಿ, ನೋಡೋಣಮ್ಮ' ಅಂದು ಕಳಿಸಿಯಾರು. ಐವತ್ತು ಜನ ತಾಯಂದಿರು ಕೂಡಿ ಹೋದರೆ ಕುರ್ಚಿ ಹಾಕಿ ಮಾತಾಡಿಸಬೇಕಾಗುತ್ತದೆ. ಮುಂದಿನ ಶಾಲಾ ವರ್ಷಕ್ಕೆ ಮೊದಲು ನಿಮ್ಮೂರಿನ ಒಂದೇ ಒಂದು ಬೀದಿ ಮಕ್ಕಳದಾದರೂ ಸಾಕು, ಎರಡನೆಯದನ್ನು ಪಕ್ಕದ ಬೀದಿಯವರೇ ಕೇಳಿಕೊಂಡು ಬರುತ್ತಾರೆ.