ದಳಪತಿಯ ಮೂಗು

ನಾಟಿಂಗ್‌ಹ್ಯಾಮ್‌ನಲ್ಲಿ ಮಗಳ ಮನೆಗೆ ಹೋಗಿದ್ದಾಗ ಮೊಮ್ಮಗನ ಮೇಜಿನ ಮೇಲೆ ಒಂದು ಸೈನ್ಯವೇ ನಿಂತಿತ್ತು. 1983ರಲ್ಲಿ ಹುಟ್ಟಿದ ವಾರ್‌ಹ್ಯಾಮರ್ ಎಂಬ ಯುದ್ಧದಾಟದ ಪ್ಲಾಸ್ಟಿಕ್ ಸಿಪಾಯಿಗಳು. ಆ ಕಂಪನಿ ಇರುವುದೂ ಅದೇ ಊರಿನಲ್ಲಿ. ಒಬ್ಬೊಬ್ಬನೂ ಸುಮಾರು 28 ಮಿಲಿಮೀಟರ್ ಎತ್ತರ. ನವರಾತ್ರಿ ಬೊಂಬೆಗಳಿಗೆ ವರ್ಷವರ್ಷವೂ ಬಣ್ಣ ಬಳಿದ ಕೈ ಸುಮ್ಮನಿದ್ದೀತೆ? ಹುಡುಗ ಶಾಲೆಗೆ ಹೋದಾಗ ದಳಪತಿಗೆ ಡಬ್ಬಿಯಿಂದ ನೇರವಾಗಿ ಕೆಂಪು ಬಳಿದೆ. ಮೂಗು, ತುಟಿ, ಗುಂಡಿಗಳೆಲ್ಲ ಮುಚ್ಚಿಹೋಗಿ ಆತ ಪಾಕದಲ್ಲಿ ಅದ್ದಿದ ಬಾದೂಷಾದಂತೆ ಕಂಡ.

ಸಂಜೆ ಹುಡುಗ ಅಳಲಿಲ್ಲ, ಮಾತೂ ಆಡಲಿಲ್ಲ. ಅದೇ ಕಷ್ಟವಾಯಿತು. ಊಟವಾದ ಮೇಲೆ ದಳಪತಿಯನ್ನು ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ನೆನೆಹಾಕಿ, ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿದ. ಮರುದಿನ ಪ್ರೈಮರ್ ಹೊಡೆದು ಒಣಗಿಸಿ, "ತಾತ, ಇಲ್ಲಿ ಕೂತ್ಕೋ" ಎಂದ.

ಬಣ್ಣಕ್ಕೆ ನೀರು ಬೆರೆಸಿ ಹಾಲಿನಷ್ಟು ತೆಳುವಾಗಿಸಬೇಕು. ಒಂದು ಸಲ ಬಳಿದು, ಒಣಗಿದ ಮೇಲೆ ಇನ್ನೊಂದು ಸಲ. ಆಮೇಲೆ ನೀರುನೀರಾದ ಕಂದು ಹರಿಸಿದರೆ ಅದು ತಾನಾಗಿ ಮಡಿಕೆಗಳಿಗಿಳಿದು ನೆರಳಾಗುತ್ತದೆ. ಕೊನೆಗೆ ಬ್ರಷ್ಷನ್ನು ಬಟ್ಟೆಗೆ ಒರೆಸಿ, ಬಣ್ಣ ಇದೆಯೋ ಇಲ್ಲವೋ ಎನ್ನುವಂತಾದಾಗ ಉಬ್ಬುಗಳ ಮೇಲಷ್ಟೇ ತಿಳಿಬಣ್ಣ ಸವರುವುದು. ಇಷ್ಟು ವರ್ಷ ನಾನು ಬೊಂಬೆಗಳಿಗೆ ಎನಾಮೆಲ್ ಮೆತ್ತಿದ್ದೆ, ಅಷ್ಟೆ!

ನನ್ನ ಕೈ ನಡುಗುವುದನ್ನು ಅವನು ನೋಡಿದ. ಎರಡೂ ಮಣಿಕಟ್ಟುಗಳನ್ನು ಒಂದಕ್ಕೊಂದು ಆನಿಸಿ ಹಿಡಿಯಲು ತೋರಿಸಿದ. ನಡುಗಿದರೂ ಒಟ್ಟಿಗೇ ನಡುಗುತ್ತವೆ. ಕಣ್ಣುಗಳನ್ನು ಮಾತ್ರ ತಾನೇ ಬರೆದ.

ಹೊರಡುವಾಗ ನನ್ನ ಜೇಬಿಗೆ ಹಾಕಿಕೊಟ್ಟ. ಈಗ ಮೈಸೂರಿನ ನಮ್ಮ ಮನೆಯಲ್ಲಿ ದಳಪತಿಯೂ ಬೊಂಬೆ ಕೂರುತ್ತಾನೆ. ಕೊಡಲಿ ಹಿಡಿದವನು ಪಟ್ಟದ ಬೊಂಬೆಗಳ ಹತ್ತಿರ ಬೇಡವೆಂದು ನನ್ನವಳು ಎರಡು ಮೆಟ್ಟಿಲು ಕೆಳಗಿಟ್ಟಿದ್ದಾಳೆ.