ಎಡೆಗೊಟ್ಟ ಹಾದಿ

ಕಾಡುಮೃಗಗಳನ್ನು ನೋಡಬೇಕೆಂದು ದೂರದೇಶಕ್ಕೆ ಹೊರಡುವವರು, ಆ ಮೃಗಗಳೂ ತಮ್ಮನ್ನು ನೋಡುತ್ತಿರುವುವೆಂಬುದನ್ನು ಬಹುಮಟ್ಟಿಗೆ ಮರೆತುಬಿಡುತ್ತಾರೆ. ಅಲಾಸ್ಕದ ಡಾಲ್ಟನ್ ಹೆದ್ದಾರಿಯಲ್ಲಿ, ಜುಲೈ ತಿಂಗಳ ಒಂದು ದಿನ, ಮೋಟಾರು ಸೈಕಲನ್ನೇರಿ ಏಕಾಕಿಯಾಗಿ ಉತ್ತರಕ್ಕೆ ಸಾಗಿದ್ದ ಪ್ರವಾಸಿಯೊಬ್ಬನು ಸಹ ಮರೆತಿದ್ದನು.

ಈ ಹಾದಿಯ ಉದ್ದ ಸುಮಾರು 666 ಕಿಲೋಮೀಟರು. ಎಣ್ಣೆಯ ಕೊಳವೆಯನ್ನು ಹಾಕುವ ಕೆಲಸಕ್ಕಾಗಿ 1974ರಲ್ಲಿ ಇದನ್ನು ನಿರ್ಮಿಸಿದರು; ಇಂದಿಗೂ ಬಹುಭಾಗ ಜಲ್ಲಿಯ ರಸ್ತೆಯೇ. ಕೋಲ್ಡ್‌ಫುಟ್ ಎಂಬ ತಂಗುದಾಣವನ್ನು ಬಿಟ್ಟರೆ ಡೆಡ್‌ಹಾರ್ಸ್ ಸೇರುವವರೆಗೆ, ಸುಮಾರು 385 ಕಿಲೋಮೀಟರು, ಪೆಟ್ರೋಲು ದೊರೆಯದು. ಪ್ರವಾಸಿಯ ಮನಸ್ಸೆಲ್ಲ ಈ ಲೆಕ್ಕದಲ್ಲಿಯೇ ಮುಳುಗಿದ್ದಿತು. ಬ್ರೂಕ್ಸ್ ಪರ್ವತಶ್ರೇಣಿಯನ್ನು ದಾಟುವ ಆಟಿಗನ್ ಘಟ್ಟದ ಬಳಿ, ಬಂಡೆಗಳ ಮೇಲೆ ಬೆಳ್ಳಗೆ ನಿಂತಿದ್ದ ಡಾಲ್ ಕುರಿಗಳನ್ನು ಕಂಡೂ ಆತನು ನಿಲ್ಲಲಿಲ್ಲ.

ಘಟ್ಟವಿಳಿದ ಮೇಲೆ ಮರವೆಂಬುದಿಲ್ಲ. ಕಣ್ಣು ಹರಿಯುವಷ್ಟು ದೂರವೂ ಟಂಡ್ರಾ ಬಯಲು. ಅಲ್ಲಿ ನದಿಯ ದಡದಲ್ಲಿ ಮಸ್ಕಾಕ್ಸ್ ಎಂಬ ದೀರ್ಘರೋಮದ ಮೃಗಗಳ ಹಿಂಡೊಂದು ಮೇಯುತ್ತಿದ್ದಿತು. ತೋಳ ಬಂದರೆ ಇವು ಓಡುವುದಿಲ್ಲ. ಕರುಗಳನ್ನು ನಡುವಿಟ್ಟು, ಕೊಂಬುಗಳನ್ನು ಹೊರಗೆ ಮಾಡಿ ಸುತ್ತ ನಿಲ್ಲುತ್ತವೆ. ತೋಳದಿಂದ ಕಾಪಾಡಿದ ಆ ಧೈರ್ಯವೇ ಬಂದೂಕಿನ ಮುಂದೆ ಮೃತ್ಯುವಾಯಿತು. ಹತ್ತೊಂಬತ್ತನೆಯ ಶತಮಾನದಲ್ಲಿ ಅಲಾಸ್ಕದಲ್ಲಿ ಇವುಗಳ ಕುಲವೇ ಅಳಿಯಿತು. 1930ರಲ್ಲಿ ಗ್ರೀನ್‌ಲೆಂಡಿನಿಂದ 34 ಮೃಗಗಳನ್ನು ತಂದು, ಬಳಿಕ ನೂನಿವಾಕ್ ದ್ವೀಪದಲ್ಲಿ ಬೆಳೆಸಿ, ಆ ಸಂತತಿಯನ್ನು 1969-70ರಲ್ಲಿ ಉತ್ತರದ ಬಯಲಿಗೆ ಮರಳಿ ಬಿಟ್ಟರು. ಪ್ರವಾಸಿಯು ಇದನ್ನೆಲ್ಲ ಓದಿ ತಿಳಿದಿದ್ದನು. ಅಯ್ಯೋ ಎಂದುಕೊಂಡನು, ಮುಂದೆ ಸಾಗಿದನು.

ಇನ್ನಷ್ಟು ದೂರ ಹೋಗುವಷ್ಟರಲ್ಲಿ ಕ್ಯಾರಿಬೂ ಎಂಬ ಹಿಮಸಾರಂಗಗಳು ಎದುರಾದವು. ಬೇಸಗೆಯಲ್ಲಿ ಸೊಳ್ಳೆಗಳ ಬಾಧೆಯನ್ನು ತಾಳಲಾರದೆ ಇವು ಗಾಳಿ ಬೀಸುವ ಕಡಲತೀರವನ್ನು ಅರಸಿ ಹೋಗುತ್ತವೆ. ಹತ್ತಾರು ಸಾರಂಗಗಳು ಹಾದಿಯನ್ನು ದಾಟಿದವು. ಅಷ್ಟರಲ್ಲಿ ಎಂಜಿನಿನ ಸದ್ದು ಹತ್ತಿರವಾಗಲು, ಕಡೆಯ ಮರಿಯೊಂದು ಬೆದರಿ ಹಿಂದಕ್ಕೆ ನೆಗೆಯಿತು. ತಾಯಿ ಆಚೆ, ಮರಿ ಈಚೆ, ನಡುವೆ ಪ್ರವಾಸಿ.

ಆತನು ಎಂಜಿನನ್ನು ಆರಿಸಿದನು. ವಾಹನವನ್ನು ಅಲ್ಲಿಯೇ ಬಿಟ್ಟು, ಬಂದ ದಾರಿಯಲ್ಲಿಯೇ ನಿಧಾನವಾಗಿ ನೂರಾರು ಹೆಜ್ಜೆ ಹಿಂದಕ್ಕೆ ನಡೆದು, ದಾರಿಯ ಅಂಚಿನಲ್ಲಿ ಕುಳಿತನು. ಸೊಳ್ಳೆಗಳು ಮುತ್ತಿದವು, ಕೈ ಬೀಸಿದರೆ ಮರಿ ಬೆದರೀತೆಂದು ಸುಮ್ಮನಿದ್ದನು. ಹಿಂಡು ದೂರವಾಗುತ್ತಿದ್ದಿತು. ತಾಯಿ ಮಾತ್ರ ನಾಲ್ಕು ಹೆಜ್ಜೆ ಹೋಗುವುದು, ತಿರುಗಿ ಬರುವುದು.

ಆಗ ದಕ್ಷಿಣದಲ್ಲಿ ಧೂಳೆದ್ದಿತು. ಸರಕಿನ ಲಾರಿ! ಪ್ರವಾಸಿಯು ಎದ್ದು ಲಾರಿಯತ್ತ ನಡೆದು, ಎರಡು ಕೈಗಳನ್ನೂ ಎತ್ತಿ ನಿಂತನು. ಕಷ್ಟದಲ್ಲಿರುವವನೆಂದು ಬಗೆದು ಚಾಲಕನು ದೂರದಲ್ಲಿಯೇ ನಿಲ್ಲಿಸಿ, ತಲೆ ಹೊರಹಾಕಿದನು. ಪ್ರವಾಸಿಯು ಮಾತನಾಡದೆ ಮರಿಯ ಕಡೆಗೆ ಬೆರಳು ತೋರಿದನು. ಚಾಲಕನು ಒಮ್ಮೆ ಗಡಿಯಾರವನ್ನು ನೋಡಿದನು. ಬಳಿಕ ತಾನೂ ಎಂಜಿನನ್ನು ಆರಿಸಿದನು.

ಬಯಲು ನಿಶ್ಶಬ್ದವಾಯಿತು. ಮರಿ ಜಲ್ಲಿಯನ್ನು ಮೂಸಿತು. ಒಂದು ಕಾಲಿಟ್ಟಿತು, ತೆಗೆಯಿತು. ಕಡೆಗೆ ಒಂದೇ ಓಟಕ್ಕೆ ದಾಟಿ ತಾಯಿಯ ಮಗ್ಗುಲನ್ನು ಸೇರಿತು. ಎರಡೂ ಹಿಂಡಿನ ಜಾಡು ಹಿಡಿದು ಓಡಿದವು.

ಲಾರಿ ಹೊರಟುಹೋಯಿತು. ಪ್ರವಾಸಿಯು ಮರಳಿ ವಾಹನದ ಬಳಿಗೆ ಬಂದನು. ಪಕ್ಕದಲ್ಲಿ ಎಣ್ಣೆಯ ಕೊಳವೆ ಕಂಬಗಳ ಮೇಲೆ ಮಿರುಗುತ್ತಿದ್ದಿತು. ಮರಿಗೆ ಅಡ್ಡವಾದ ಹಾದಿ ಎಣ್ಣೆಗಾಗಿ ಆದದ್ದು. ತನ್ನನ್ನು ಇಷ್ಟು ದೂರ ತಂದುದೂ ಎಣ್ಣೆಯೇ. ಈ ತೊಡಕನ್ನು ಬಿಡಿಸಲು ಆತನಿಂದಾಗಲಿಲ್ಲ. ಡೆಡ್‌ಹಾರ್ಸನ್ನು ಮುಟ್ಟುವವರೆಗೆ ಆತನು ನಿಧಾನವಾಗಿಯೇ ಸಾಗಿದನು. ದೂರದಲ್ಲಿ ಒಂದು ಕೊಂಬು ಕಂಡರೂ ಎಂಜಿನನ್ನು ಆರಿಸಿ ಕಾದನು.