ವೃತ್ತಿ ತೆರಿಗೆ ಯಾವ ಊರಿಗೆ?

ಕೊಪ್ಪಳ ಬಸ್‌ಸ್ಟ್ಯಾಂಡಿನಲ್ಲಿ ನಿಂತಾಗ ಹೊಳೆದದ್ದು. ಬೆಳಿಗ್ಗೆ ಗಂಗಾವತಿ, ಕುಷ್ಟಗಿ, ಯಲಬುರ್ಗಾ ಬಸ್ಸಿಂದ ಇಳಿಯುವವರು ಎಷ್ಟು ಮಂದಿ! ಕೆಲವರಿಗೆ ಇಲ್ಲೇ ನೌಕರಿ, ಕೆಲವರು ಗಿಣಿಗೇರಿ ಕಾರ್ಖಾನೆಗಳಿಗೆ.

ಇವರ ಸಂಬಳ 25,000 ಮುಟ್ಟಿದರೆ ತಿಂಗಳಿಗೆ 200 ರೂಪಾಯಿ, ಫೆಬ್ರುವರಿಯಲ್ಲಿ 300, ವೃತ್ತಿ ತೆರಿಗೆ ಕಡಿತ. ಹೋಗುವುದು ರಾಜ್ಯದ ಬೊಕ್ಕಸಕ್ಕೆ. ತಮಿಳುನಾಡು, ಕೇರಳದಲ್ಲಿ ಇದನ್ನು ಸ್ಥಳೀಯ ಸಂಸ್ಥೆಗಳೇ ವಸೂಲಿ ಮಾಡುತ್ತವೆ. ಆದರೆ ಅಲ್ಲೂ ಸೇರುವುದು ದುಡಿಯುವ ಊರಿಗೆ, ಮನೆಯಿರುವ ಊರಿಗಲ್ಲ. ಕಾರ್ಖಾನೆಯ ಆಸ್ತಿ ತೆರಿಗೆಯೂ ಅದು ನಿಂತ ಪಂಚಾಯಿತಿಗೇ.

ಹೀಗೆ ದಿನಾ ಬರುವ ನೌಕರನ ಮನೆಗೆ ಕುಡಿಯುವ ನೀರು, ಓಣಿಗೆ ಚರಂಡಿ, ಬೀದಿದೀಪ, ಇಷ್ಟನ್ನೂ ನೋಡಿಕೊಳ್ಳಬೇಕಾದದ್ದು ಮಾತ್ರ ಅವನ ಊರಿನ ಸ್ಥಳೀಯ ಸಂಸ್ಥೆ! ಇದು ಸರಿಯಲ್ಲ. ವೃತ್ತಿ ತೆರಿಗೆಯಲ್ಲಿ ಅರ್ಧವಾದರೂ ಅವನು ಮನೆ ಮಾಡಿಕೊಂಡಿರುವ ಊರಿಗೆ ಬರಲೇಬೇಕು. ದಿನಾ ಓಡಾಡುವವರೇ, ನೀವೇನಂತೀರಿ?